ಪಂಚಮಿಯ ಖಾರದ ಉಂಡಿ

ಮಂಗಳೂರು, ಕೊಪ್ಪಳ ಜಿಲ್ಲೆ
೫ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಮಗಳು ಲಲಿತಾಳಿಗೆ ನಿನ್ನಪ್ಪನ ತುಂಬು ಆಶೀರ್ವಾದಗಳು.

ಹಿಮ್ಮಡಿಯ ಗಾಯ ಮಾಯಿತೇ? ಪರೇಡಿನ ಬೂಟು ಕಚ್ಚುತ್ತದೆ ಎಂದಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು. ಹೊಟ್ಟೆ ತುಂಬ ಊಟ ಮಾಡು, ಪೊಲೀಸ್ ಆಗುವ ಮೊದಲೇ ಸೊರಗಬೇಡ. ನಿಮ್ಮ ತರಬೇತಿಯಲ್ಲಿ ಭಾನುವಾರ ಮಾತ್ರ ಫೋನ್ ಕೊಡುತ್ತಾರೆ, ಆಗ ನಿನ್ನ ಮಗಳು ನನ್ನ ಮಗ್ಗುಲಲ್ಲೇ ನಿಂತಿರುತ್ತಾಳೆ. ಅವಳ ಮುಂದೆ ಹೇಳಲಾಗದ ಮಾತು ಇರುವುದರಿಂದ ಈ ಕಾಗದ. ಉತ್ತರ ಬರೆದರೆ ವಿಳಾಸದಲ್ಲಿ ಕೊಪ್ಪಳ ಜಿಲ್ಲೆ ಎಂದು ದಪ್ಪಗೆ ಬರೆ, ಇಲ್ಲದಿದ್ದರೆ ಅದು ಸಮುದ್ರದ ದಂಡೆಯ ಮಂಗಳೂರು ನೋಡಿಕೊಂಡು ಬರುತ್ತದೆ.

ಪಂಚಮಿ ಗದ್ದಲದಿಂದಲೇ ಆಯಿತು. ನಿನ್ನ ತಂಗಿ ಸುನಿತಾ ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಗಂಡ ಗೋವಿಂದರಾಜನನ್ನು ಕರೆದುಕೊಂಡು ಬಂದಿದ್ದಳು. ಹೊಸ ಅಳಿಯನಿಗೆ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ರವೆ ಉಂಡಿಯೊಳಗೆ ಹಸಿಮೆಣಸಿನಕಾಯಿ ಜಜ್ಜಿ ಇಟ್ಟು, ಏನೂ ಅರಿಯದವರಂತೆ ತಟ್ಟೆಗೆ ಬಡಿಸುವುದು. ನಿನ್ನ ಯಜಮಾನ ತಿರುಮಲೇಶ ತನ್ನ ಸರದಿಯಲ್ಲಿ ಅಂಗಳವೆಲ್ಲ ಕುಣಿದು, ಮುನಿಸಿಕೊಂಡು, ನನ್ನಿಂದ ಕೈಗಡಿಯಾರ ಕಿತ್ತುಕೊಂಡ ಮೇಲೇ ಊಟಕ್ಕೆ ಕೂತದ್ದು. ಗಂಗಾವತಿಯ ಅಕ್ಕಿ ಗಿರಣಿಯಿಂದ ವಾರಕ್ಕೊಮ್ಮೆ ಮಗಳನ್ನು ನೋಡಲು ಬಂದಾಗ ಈಗಲೂ ಅದೇ ಗಡಿಯಾರ ಕಟ್ಟಿಕೊಂಡಿರುತ್ತಾನೆ. ಗೋವಿಂದರಾಜನೂ ಉಗುಳಿದ, ನಕ್ಕ. ಅಲ್ಲಿಗೆ ಸಾಕಿತ್ತು. ಆದರೆ ಅಂಥದ್ದೇ ಇನ್ನೊಂದು ಉಂಡಿ ಉಳಿದಿತ್ತು, ನನಗೆ ಹುರುಪು ಏರಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಜನರನ್ನು ಕಾಡಿಸಿದ ಚಟ ಸುಲಭಕ್ಕೆ ಹೋಗುವುದಿಲ್ಲ.

ನಿನ್ನ ಮಗಳು ಸಹನಾ ಒಂದು ವಾರದಿಂದ "ಅವ್ವ ಹಬ್ಬಕ್ಕ ಏನರ ಕಳಸ್ಯಾಳೇನಜ್ಜಾ" ಎಂದು ಜೀವ ತಿನ್ನುತ್ತಿದ್ದಳು. ನಾನು ಆ ಉಂಡಿಯನ್ನು ಡಬ್ಬಿಯಲ್ಲಿಟ್ಟು, ಬಣ್ಣದ ಕಾಗದ ಸುತ್ತಿ, "ನಿಮ್ಮವ್ವ ಬಸ್ಸಿನ್ಯಾಗ ಕಳಸ್ಯಾಳ ನೋಡು" ಎಂದು ಕೊಟ್ಟೆ. ಗೋವಿಂದರಾಜ ವಿಡಿಯೋ ತೆಗೆಯಲು ಫೋನ್ ಹಿಡಿದು ನಿಂತ. ಅವಳು ಕಾಗದ ಹರಿಯದಂತೆ ಬಿಚ್ಚಿ, ಮಡಚಿ ಇಟ್ಟು, ಉಂಡಿ ಬಾಯಿಗೆ ಇಟ್ಟುಕೊಂಡಳು. ನಾವು ಆಗಲೇ ನಗತೊಡಗಿದ್ದೆವು. ಅವಳು ಉಗುಳಲಿಲ್ಲ, ಲಲಿತಾ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಪೂರ್ತಿ ತಿಂದಳು. "ಛಲೋ ಐತಿ. ಅವ್ವ ಮಾಡ್ಯಾಳ," ಎಂದಳು. ಬೆಲ್ಲ ಕೊಡಲು ಹೋದರೆ ಕೈ ಸರಿಸಿದಳು. ಅದು ನನ್ನ ಕಿತಾಪತಿ ಎಂದು ನಾನು ಇನ್ನೂ ಅವಳಿಗೆ ಹೇಳಿಲ್ಲ.

ಅಂದಿನಿಂದ ಮನೆಯಲ್ಲಿ ಇದೇ ವಾದ. "ಎಲ್ಲಾ ಕಡೆ ತಂದಿ-ತಾಯಿ ಹಿಂಗ ಮಾಡಿ ವಿಡಿಯೋ ಹಾಕ್ತಾರ್ರಿ ಮಾವಾರ, ಹುಡುಗ್ರು ಮರತಬಿಡ್ತಾವ," ಎಂದು ಗೋವಿಂದರಾಜ. "ಉಗುಳಿದ್ರ ಮರೀತಿತ್ತು. ನುಂಗೈತಿ ಅದು," ಎಂದು ನಿಮ್ಮವ್ವ ಮುದಕಮ್ಮ. ನಾನು ಮೊದಲು ಅಳಿಯನ ಪಕ್ಷವೇ ಹಿಡಿದಿದ್ದೆ. ನಮ್ಮಪ್ಪನೂ ಒಂದು ಹಬ್ಬಕ್ಕೆ ಹೊಸ ಚಡ್ಡಿ ಎಂದು ನನ್ನ ಕೈಗೆ ಹಳೆಯ ಗೋಣಿಚೀಲ ಕೊಟ್ಟಿದ್ದ, ನಾನೇನು ಸತ್ತೆನೇ ಎಂದು ವಾದಿಸಿದೆ. ಹಾಗೆನ್ನುವಾಗಲೇ ಆ ಗೋಣಿಯ ವಾಸನೆ ನೆನಪಾಯಿತು. ಅರವತ್ತು ವರ್ಷವಾದರೂ ನಾನು ಅದನ್ನು ಮರೆತಿಲ್ಲ.

ಮೊನ್ನೆ ಭಾನುವಾರ ಫೋನಿನಲ್ಲಿ ಸಹನಾ "ಅಲ್ಲಿ ಊಟ ಹೆಂಗ ಐತಿ" ಎಂದಷ್ಟೇ ಕೇಳಿ ಹೊರಗೆ ಹೋದಳಲ್ಲ, ನಿದ್ದೆಗಣ್ಣು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಈಗ ನೀನೊಂದು ಉಪಕಾರ ಮಾಡಬೇಕು. ಬರುವ ಭಾನುವಾರ, ಉಂಡಿ ಕಟ್ಟುವಾಗ ತಪ್ಪಿ ಮೆಣಸಿನಕಾಯಿ ಬಿದ್ದಿತ್ತು ಎಂದು ಅವಳಿಗೆ ಹೇಳಿಬಿಡು. ಅಜ್ಜನ ಹೆಸರು ಬೇಡ. ಅವಳು ನನ್ನ ಬಳಿಗೆ ಬರುವುದನ್ನು ಬಿಟ್ಟರೆ ನಾನು ತಾಳಲಾರೆ.

ಈ ಕಾಗದದ ಜೊತೆ ಅವಳದೊಂದು ಡಬ್ಬಿ ಬರುತ್ತದೆ. ತಾನೇ ದಾರ ಕಟ್ಟಿ, "ಬಿಚ್ಚಬ್ಯಾಡ್ರಿ ಅಜ್ಜಾ" ಎಂದು ಕೊಟ್ಟಿದ್ದಾಳೆ. ನಿನಗೂ ಖಾರದ ಉಂಡಿಯನ್ನೇ ಕಟ್ಟಿದ್ದಾಳೆ ಎಂದು ನನ್ನ ಅನುಮಾನ. ಹಾಗಿದ್ದರೆ ಒಳ್ಳೆಯದೇ, ಸಿಟ್ಟು ಹೊರಗೆ ಬಂದಂತಾಯಿತು. ಆ ತಾಯಿ ಹುಲಿಗೆಮ್ಮ ದೇವಿ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನಿಮ್ಮವ್ವನೂ ಹರಸಿದ್ದಾಳೆ.

ನಿನ್ನ ಅಪ್ಪ,
ಹೇಮಪ್ಪ

ತಾ.ಕ.: ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇಷ್ಟು ಬರೆಯುತ್ತಿದ್ದೇನೆ. ಒಳಗೇನಿದೆ ಎಂದು ಗುಮಾಸ್ತ ಶರಣಕುಮಾರ ಕೇಳಿದ್ದಕ್ಕೆ ಡಬ್ಬಿ ಬಿಚ್ಚಬೇಕಾಯಿತು. ಹಬ್ಬದಲ್ಲಿ ಅವಳ ಪಾಲಿಗೆ ಬಂದ ಐದು ಶೇಂಗಾ ಉಂಡಿ, ಒಂದನ್ನೂ ತಿಂದಿಲ್ಲ. ಐದನ್ನೂ ಎರಡೆರಡು ಹೋಳು ಮಾಡಿದ್ದಾಳೆ. ಮೇಲೆ ಒಂದು ಚೀಟಿ: "ಅವ್ವಾ, ಅಲ್ಲಿ ಉಂಡಿ ಖಾರ ಇರ್ತಾವ. ಇವು ಸಿಹಿ ಅದಾವ. ಎಲ್ಲಾ ಒಡದು ನೋಡೀನಿ. ಹೆದರಬ್ಯಾಡ, ತಿನ್ನು." ನಾನು ಮೇಲೆ ಕೇಳಿದ ಉಪಕಾರ ಬೇಡ, ಲಲಿತಾ. ನೀನು ಸುಳ್ಳು ಹೇಳಬೇಡ. ಮನೆಗೆ ಹೋಗಿ ನಾನೇ ಅವಳಿಗೆ ಹೇಳುತ್ತೇನೆ.