ಹದಿನಾಲ್ಕನೇ ಕೋಷ್ಟಕದ ಕೆಳಗಿನ ಸಾಲು

ಬೆಟಗೇರಿ
2207ನೇ ಇಸವಿ, ಹದಿಮೂರನೇ ತಿಂಗಳು, ಒಂಬತ್ತು

ಪೂಜ್ಯ ಕುಸುಮಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ನೀಲಾಂಬಿಕೆಯ ನಮಸ್ಕಾರಗಳು.

ನಿಮಗೆ ಈಗ ಇಪ್ಪತ್ನಾಲ್ಕು ವಯಸ್ಸು, ನನಗೆ ಎಪ್ಪತ್ತೊಂದು. ಆದರೂ ಅಜ್ಜಿ ಎನ್ನದೆ ವಿಧಿಯಿಲ್ಲ, ಸಿಟ್ಟಾಗಬೇಡಿ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನವರಿಗೆ ಬರೆಯುವ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಆಯುಸ್ಸಿನಲ್ಲಿ ಒಂದೇ ಹಿಂದೋಲೆಗೆ ಅವಕಾಶ. ನನ್ನದನ್ನು ನಿಮ್ಮ ಎಂ.ಕಾಂ. ಪ್ರಬಂಧಕ್ಕಾಗಿ ಖರ್ಚು ಮಾಡುತ್ತಿದ್ದೇನೆ.

ಇಲ್ಲಿ ಯಾರೂ ಏನನ್ನೂ ಕೊಳ್ಳಲು ಹೋಗುವುದಿಲ್ಲ. ಮನೆಮನೆಗೂ ಮುಂಗಾಣಿ ಇದೆ. ನಮಗೆ ಏನು ಬೇಕಾಗುತ್ತದೆಂದು ನಮಗಿಂತ ಮೊದಲೇ ಎಣಿಸಿ ತರಿಸುವ ಯಂತ್ರ. ಉಪ್ಪು ಮುಗಿಯುವ ಮುನ್ನಾದಿನ ಉಪ್ಪು ಬರುತ್ತದೆ, ಚಪ್ಪಲಿಯ ಉಂಗುಟ ಕಿತ್ತುಹೋಗುವ ವಾರ ಹೊಸ ಜೋಡು. ಅದು ತಪ್ಪುವುದೇ ಇಲ್ಲ ಎನ್ನುವುದೇ ನನ್ನ ತಕರಾರು. "ಬೇರೆ ತೋರಿಸಿ" ಎಂಬ ಮಾತು ಕೇಳಿ ಅರವತ್ತು ವರ್ಷವಾಯಿತು. ಕೊನೆಗೆ ಕೇಳಿದ್ದು ನನ್ನ ಅವ್ವನ ಸೀರೆ ಅಂಗಡಿಯಲ್ಲಿ. ಹೆಂಗಸರು ನಲವತ್ತು ಸೀರೆ ಬಿಚ್ಚಿಸಿ, ಒಂದನ್ನು ಹೆಗಲ ಮೇಲೆ ಹಾಕಿಕೊಂಡು, ದೀಪದ ಬೆಳಕನ್ನು ನಂಬದೆ ಬಾಗಿಲಿಗೆ ಬರುತ್ತಿದ್ದರು. ಅವ್ವ ಇನ್ನೊಂದು ತುದಿ ಹಿಡಿದು ನಿಂತು, "ಬಿಸಿಲಾಗ ಚಂದಾಗಿ ನೋಡ್ರಿ, ಆಮ್ಯಾಲ ಬಣ್ಣಾ ಬ್ಯಾರೆ ಅನಬ್ಯಾಡ್ರಿ" ಎನ್ನುತ್ತಿದ್ದಳು. ಹೊಸ ಸೀರೆಯ ಗಂಜಿಯ ವಾಸನೆ ನೆನಪಾದರೆ ಈಗಲೂ ಅಳು ಬರುತ್ತದೆ.

ಆ ಬಾಗಿಲನ್ನು ಮುಚ್ಚಿಸಿದ್ದು ನಿಮ್ಮ ಪ್ರಬಂಧದ ಹದಿನಾಲ್ಕನೇ ಕೋಷ್ಟಕ. ಸೀರೆ ಅಂಗಡಿಗಳಲ್ಲಿ ಮುನ್ನೂರು ಗಿರಾಕಿಗಳನ್ನು ಕೇಳಿ ನೀವು ಮಾಡಿದ ರಿಗ್ರೆಶನ್ ಲೆಕ್ಕದಲ್ಲಿ, ಬೆಲೆ, ಆದಾಯ ಒಂದೇ ಇದ್ದರೂ, ಬಾಗಿಲಿಗೆ ಹೋದ ಪ್ರತಿ ಸಲಕ್ಕೂ ಕೊಳ್ಳುವ ಸೀರೆ ಸರಾಸರಿ 0.4ರಷ್ಟು ಕಡಿಮೆ. ನಿಜವೇ. ಆದರೆ ಕೆಳಗೆ, "ಬಾಗಿಲಿಗೆ ಒಯ್ದು ನೋಡುವುದರಿಂದ ಖರೀದಿ ತಗ್ಗುತ್ತದೆ" ಎಂದು ಬರೆದುಬಿಟ್ಟಿರಿ. ಅಜ್ಜಿ, ಮನಸ್ಸು ಒಪ್ಪದವರೇ ಅಲ್ಲವೇ ಬಾಗಿಲಿಗೆ ಹೋಗುತ್ತಿದ್ದುದು? ಅನುಮಾನ ಮೊದಲೇ ಇತ್ತು, ಬಿಸಿಲಿನದೇನೂ ತಪ್ಪಿರಲಿಲ್ಲ. ಮೇಲಾಗಿ ಖರೀದಿಯ ಏರುಪೇರಿನಲ್ಲಿ ನೂರಕ್ಕೆ ಮೂವತ್ತಾರು ಪಾಲನ್ನಷ್ಟೇ ನಿಮ್ಮ ಸಮೀಕರಣ ವಿವರಿಸುತ್ತದೆ. ಉಳಿದ ಅರವತ್ನಾಲ್ಕರ ಗೊಡವೆಗೆ ಯಾರೂ ಹೋಗಲಿಲ್ಲ. ನಿಮ್ಮ ಸಾಲನ್ನು ಓದಿದ ಅಂಗಡಿಯವರು ತಲೆಮಾರುಗಳುದ್ದಕ್ಕೂ ಒಬ್ಬೊಬ್ಬರಾಗಿ ಬಾಗಿಲಿಗೆ ಕಪ್ಪು ಗಾಜು ಹಾಕಿಸಿದರು, ಕೊನೆಗೆ ಅವ್ವನೂ. ಆಮೇಲೆ ಅಂಗಡಿಗಳೇ ಹೋದವು. ಗಿರಾಕಿಯ ಅನುಮಾನಕ್ಕೆ ಎಡೆ ಕೊಡಬಾರದೆಂಬುದೇ ಮುಂಗಾಣಿಗೆ ಕಲಿಸಿದ ಮೊದಲ ಪಾಠವಾಯಿತು.

ನನ್ನ ಮೊಮ್ಮಗಳು ತುಂಗೆಗೆ ಇಪ್ಪತ್ತೆರಡು. ಹೋದ ವಾರ ಅವಳ ಮದುವೆ ಸೀರೆ ಬಂತು, ಅವಳಿಗಿಷ್ಟವಾದ ನೇರಳೆ ಬಣ್ಣದ್ದೇ. ವರನನ್ನು ಗೊತ್ತುಮಾಡಿದ್ದೂ ಮುಂಗಾಣಿಯೇ. ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳು, "ಅಜ್ಜಿ, ಬ್ಯಾಡ ಅಂದ್ರ ಏನಾಗ್ತದ?" ಎಂದಳು. ನಾನು ಸೀರೆಯ ಮಾತೆಂದುಕೊಂಡು ಬಣ್ಣವನ್ನು ಹೊಗಳಿದೆ. ಅವಳು ಸೀರೆಯನ್ನು ಮಡಿಸಿ ಎತ್ತಿಟ್ಟಳು. ಕೇಳಿದ್ದು ಹುಡುಗನ ಬಗ್ಗೆ ಎಂದು ನನಗೆ ಹೊಳೆದದ್ದು ಮಾರನೇ ದಿನ. ಹುಟ್ಟಿದಾಗಿನಿಂದ ಒಂದು ಬಳೆಯನ್ನೂ ಬೇಡವೆಂದು ಹೇಳಿ ಅಭ್ಯಾಸವಿಲ್ಲದ ಹುಡುಗಿ ಅವಳು.

ಆ ಕೋಷ್ಟಕದ ಕೆಳಗೆ ಅರ್ಧ ಪುಟ ಖಾಲಿ ಇದೆ. ನಿಮ್ಮ ಗೈಡ್ ಏನೇ ಅನ್ನಲಿ, ಬೈಂಡಿಂಗಿಗೆ ಕೊಡುವ ಮುಂಚೆ ಆ ಸಾಲನ್ನು ಹೊಡೆದುಹಾಕಿ, "ಇದು ಕಾರಣವೋ ಅಲ್ಲವೋ ನನಗೆ ತಿಳಿಯದು" ಎಂದು ಬರೆಯಿರಿ. ಹಾಗೆ ಬರೆಯಲು ನಾಚಿಕೊಳ್ಳಬೇಡಿ. ತುಂಗೆಯ ಮದುವೆಗೆ ಇನ್ನು ಹನ್ನೆರಡು ದಿನವಿದೆ.