ವಾಪಸು ಬಂದ ಬೋಗುಣಿ

ಬೀದರ, ಫಸಲಿ ೧೩೩೪

ಹಲಬರ್ಗಾದ ಹಲಬರಲ್ಲಿ ನನ್ನವನಾಗಿ ಉಳಿದ ಬಾಬುಮಿಯಾ,

ನಿನ್ನ ಮೈದುನ ಅಯ್ಯುಬ ಬೆಳಿಗ್ಗೆ ಜೋಳದ ಕಣಿಕೆ ಹೇರಿದ ಬಂಡಿ ನಿಲ್ಲಿಸಿ, ಒಂದು ಹಿತ್ತಾಳೆ ಬೋಗುಣಿಯನ್ನು ನನ್ನ ಕಟ್ಟೆಯ ಮೇಲಿಟ್ಟ. “ನಿಮ್ಮ ಚಾಚಿ ಕಳಿಸ್ಯಾರ್ರಿ. ನಿಮ್ಮದು ನಿಮ್ಮ ಮನ್ಯಾಗ ಇರ್ಲಿ ಅಂದಾರ” ಅಂದ. ನನಗೆ ಚಾಚಿಯಾದ ನಿನ್ನ ತಾಯಿ ಹೇಗಿದ್ದಾರೆ ಎಂದು ಕೇಳಿದರೆ ಎತ್ತಿನ ಕೊಂಬು ನೋಡುತ್ತ, “ಆರಾಮ ಅದಾರ್ರಿ” ಅಂದ. ಎತ್ತು ಆರಾಮವಾಗಿಯೇ ಇತ್ತು. ಉಳಿದದ್ದನ್ನು ನಾನು ನಂಬಲಿಲ್ಲ. ವಕೀಲನಿಗೆ ಸಂಶಯವೇ ಸಂಬಳ. ಕಕ್ಷಿದಾರ ಕೈಕೊಟ್ಟರೂ ಅದು ತಪ್ಪದೆ ಬರುತ್ತದೆ.

ಮೊದಲು ನಿನ್ನ ಮೇಲೆಯೇ ಗುಮಾನಿಪಟ್ಟೆ. ಕರಿಕೋಟು ಹಾಕಿದವನು ಇನ್ನು ನಿಮ್ಮ ಅಂಗಳದಲ್ಲಿ ಕೂಡುವುದಿಲ್ಲ ಎಂದು ಯಾರಾದರೂ ನಿನ್ನ ಕಿವಿ ಕಚ್ಚಿದರೇ? ಆದರೆ ಹೋದ ಈದ್‌ನಲ್ಲಿ ನಾನು ಅದೇ ಕೋಟಿನ ಮೇಲೆ ಪಾಯಸ ಚೆಲ್ಲಿಕೊಂಡದ್ದಕ್ಕೆ ನೀನೇ ಸಾಕ್ಷಿ.

ಆ ಬೋಗುಣಿಯನ್ನು ನನ್ನ ಅವ್ವ ಗುರಮ್ಮ ನಿಮ್ಮ ಮನೆಗೆ ಕೊಟ್ಟ ದಿನ ನೆನಪಿದೆಯೇ? “ಅಕ್ತರಬೀ, ಈದ್ ದಿನ ನನ್ನ ಮಗ ಈ ಭಾಡ್ಯಾ ನಿಮ್ಮ ಅಂಗಳ ಬಿಟ್ಟು ಏಳಂಗಿಲ್ಲ. ಇದರಾಗ ಬ್ಯಾರೆ ಮಾಡಿ ಹಾಕ್ರಿ, ನಮ್ಮ ಮಂದಿ ಬಾಯಿ ಮುಚ್ಚತದ.” ಅಂದಿನಿಂದ ಚಾಚಿ ಬೇವಿನ ಕೆಳಗೆ ಮೂರು ಕಲ್ಲು ಹೂಡಿ ನನಗಾಗಿಯೇ ಶ್ಯಾವಿಗೆ ಪಾಯಸ ಕಾಸುತ್ತಿದ್ದರು. ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಏನೋ ಬೆರೆಸುತ್ತಾರೆ ಎಂಬ ಸಂಶಯದಿಂದ ನಾವಿಬ್ಬರೂ ಬಣವೆಯ ಹಿಂದೆ ಅಡಗಿ ನೋಡಿದೆವು. ಕಂಡದ್ದು ಇಷ್ಟೇ: ಸೌಟು ತುಟಿಯವರೆಗೆ ಬರುತ್ತಿತ್ತು, ಥಟ್ಟನೆ ಕೆಳಗಿಳಿಯುತ್ತಿತ್ತು. ನನ್ನ ಪಾಲು ಎಂಜಲಾಗಬಾರದಲ್ಲ! ಹೀಗಾಗಿ ಒಂದು ವರ್ಷ ಬರೀ ಸಕ್ಕರೆ, ಇನ್ನೊಂದು ವರ್ಷ ಬರೀ ಹಾಲು.

“ಸಕ್ಕರಿ ಹ್ಯಾಂಗದ ಬೇಟಾ? ನಾ ನಾಲಗಿಗಿ ಹಚ್ಚಿಲ್ಲ.”

ಒಳಗಿನಿಂದ ನಿನ್ನ ಅಬ್ಬಾ ನಗುತ್ತಿದ್ದರು: “ವರ್ಷಕ್ಕೊಮ್ಮಿ ಹುಡುಗನ ನಸೀಬು ನೋಡ್ತಾಳ!”

ತೊಳೆಯುವುದೂ ಚಾಚಿಯದೇ ಕೆಲಸ. ಹುಣಸೆಹಣ್ಣು, ಬೂದಿ ಹಚ್ಚಿ ಮುಖ ಕಾಣುವಂತೆ ತಿಕ್ಕುತ್ತಿದ್ದರು. “ಗುರಮ್ಮ ನಂಬಿ ಇಟ್ಟ ಅಮಾನತ್ ಅದ, ಯಾರೂ ಮುಟ್ಟಬ್ಯಾಡ್ರಿ” ಎನ್ನುತ್ತಿದ್ದರು. ಅವ್ವ ತೀರಿಕೊಂಡ ಮೇಲೂ ಆ ಮಾತು ಬದಲಾಗಲಿಲ್ಲ.

ಇಂದು ಬೋಗುಣಿಯನ್ನು ತಿರುವಿ ನೋಡಿದೆ. ತಳದಲ್ಲಿ ಹೋದ ಈದ್‌ನ ಒಲೆಯ ಕರಿ ಹಾಗೆಯೇ ಇದೆ. ಇದನ್ನು ತೊಳೆದ ಕೈ ಬೇರೆ. ನಿಮ್ಮವರು ಇಟ್ಟುಕೊಂಡ ಅಮಾನತ್ತನ್ನು ಯಾವಾಗ ಮರಳಿಸುತ್ತಾರೆ ಎಂಬುದೂ ನನಗೆ ಗೊತ್ತು: ಹಜ್‌ಗೆ ಹೊರಡುವ ಮುಂಚೆ. ಚಾಚಿ ಹಜ್‌ಗೆ ಹೊರಟಿದ್ದರೆ ಅಯ್ಯುಬ ಭಾಲ್ಕಿಯಿಂದ ಬೀದರವರೆಗೆ ಡಂಗುರ ಹೊಡೆಯುತ್ತಿದ್ದ. ಹಾಗಾದರೆ ಉಳಿದ ಇನ್ನೊಂದು ಪ್ರಯಾಣದ ಹೆಸರನ್ನು ನಾನು ಬರೆಯಲಾರೆ. ನೀನೂ ನನ್ನ ಗುಮಾನಿಗೆ ಕಲಾಯಿ ಹಾಕಬೇಡ.

ಈ ಪತ್ರ ಅಯ್ಯುಬನ ಬಂಡಿಯಲ್ಲಿ ಬರುತ್ತದೆ. ನಾಳೆ ಬೋಗುಣಿಯೊಂದಿಗೆ ನಾನು. ನನ್ನ ಹೆಂಡತಿ ಲಲಿತಾಬಾಯಿ ಹುಣಸೆಹಣ್ಣು ಹಿಡಿದು ಬಂದಳು, ತಡೆದೆ. ಆ ಕರಿ ಚಾಚಿಯ ಕಣ್ಣಿಗೆ ಬೀಳಬೇಕು. ಬೈಯುವುದಕ್ಕಾದರೂ ಎದ್ದು ಕೂತಾರು.

ಏಳಲಾಗದಿದ್ದರೆ ನಾಡಿದ್ದು ಈದ್‌ಗೆ ಬೇವಿನ ಕೆಳಗೆ ನಾನೇ ಕಲ್ಲು ಹೂಡುತ್ತೇನೆ. ಮೊದಲ ಚಮಚ ಚಾಚಿಗೆ. ಸಕ್ಕರೆ ಹೇಗಿದೆ ಎಂದು ಈ ಸಲ ನಾನು ಕೇಳಬೇಕು. ಅದೇ ಚಮಚದಿಂದ ಉಳಿದದ್ದು ನನಗೆ.

ಅಮಾನತ್ತು ನಿಮ್ಮ ಮನೆಯಲ್ಲೇ ಇನ್ನೂ ಬಹಳ ಈದ್ ಕಾಣಲಿ.

ನಿನ್ನ ಸಂಶಯಪಿಶಾಚಿ,
ಮನ್ಮಥಪ್ಪ