ಚೀಲದ ತಳದ ನುಸಿ

ಮೇ 21, ಬೆಳಿಗ್ಗೆ

ಮೂರನೇ ಮಾತ್ರೆ ಇಳಿಯಿತು. ಶೇಂಗಾ ಹಿಟ್ಟಿನ ಗಂಜಿಯಲ್ಲಿ ಕಲಸಿ ಕೊಟ್ಟೆ. ಮಗಳು ತಡಾಲ ಉಗುಳಲಿಲ್ಲ. ಮೈ ತಣ್ಣಗಿದೆ. ಆದರೂ ಕೈ ಅವಳ ಹಣೆ ಬಿಡುತ್ತಿಲ್ಲ... ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಎಂದ ಕ್ಷಣದಿಂದ ನಿದ್ದೆಯಿಲ್ಲ. ಇನ್ನೂ ಮೂರು ಮಾತ್ರೆ ಇವೆ. ಪೂರ್ತಿ ಕೊಟ್ಟರೇ ರೋಗ ಹೋಗುವುದು.

ಅಜ್ಜಿಗೆ ನಗು. "ಕಾಲೇಜಮ್ಮ, ಮಗು ಕೋಳಿ ಅಟ್ಟಿಸ್ಕೊಂಡು ಓಡ್ತಿದೆ. ಕೋಳಿಗೂ ಒಂದು ಮಾತ್ರೆ ಕೊಡು."

ಸಂಜೆ

ಮಾತ್ರೆಯ ಪೊಟ್ಟಣ ಇಲ್ಲ.

"ಪಕ್ಕದ್ಮನೆ ಲಿಂಬಿಕಾನಿಗೆ ಜ್ವರ. ಅವರಮ್ಮ ಕೇಳಿದ್ಲು, ಕೊಟ್ಟೆ" ಅಂದಳು ಅಜ್ಜಿ. ಉಪ್ಪು, ಕೆಂಡ, ಮದ್ದು — ಬೇಲಿಯಾಚೆಯಿಂದ ಕೇಳಿದರೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. "ಜ್ವರ ಬಿಟ್ಟ ಮಗೂಗೆ ಮದ್ದು ಯಾಕೆ?"

ಕಿರುಚಬೇಕೆನಿಸಿತು. ಮೂಲೆಯ ಮೆಕ್ಕೆಜೋಳದ ಚೀಲ ಕಣ್ಣಿಗೆ ಬಿತ್ತು.

"ಅಜ್ಜಿ, ಮೇಲಿನ ಅರ್ಧಕ್ಕೆ ಮಾತ್ರ ಮದ್ದು ಬೆರೆಸಿ ಚೀಲ ಕಟ್ತೀಯಾ?"

"ನಂಗೇನು ಹುಚ್ಚೇ? ತಳದ ನುಸಿ ಮೇಲಕ್ಕೆ ಬರಲ್ವಾ?"

"ಇವಳ ರಕ್ತದಲ್ಲೂ ಹಾಗೇ."

ಕಾಳಿನ ಮದ್ದಿಗೂ ಮಗುವಿನ ಮದ್ದಿಗೂ ನಮ್ಮ ಮಾತಿನಲ್ಲಿ ಒಂದೇ ಹೆಸರು, ಮಂಕ್ವಾಲ. ಅಜ್ಜಿ ತಾನೇ ಎದ್ದು ಬೇಲಿ ದಾಟಿದಳು. ವಾಪಸ್ ಬಂದದ್ದು ಎರಡು. ಒಂದು ಆಗಲೇ ಲಿಂಬಿಕಾನಿಯ ಹೊಟ್ಟೆಯಲ್ಲಿ.

ನಾಲ್ಕನೆಯದು ಕೊಟ್ಟೆ. ನಾಳೆ ಬೆಳಿಗ್ಗೆಗೆ ಒಂದಿದೆ. ಸಂಜೆಗೆ?

ಮೇ 22, ಮಧ್ಯಾಹ್ನ

ಕಡಿಮೆ ಬಿದ್ದ ಮಾತ್ರೆ ಕೇಳಲು, ಲಿಂಬಿಕಾನಿಯನ್ನೂ ತೋರಿಸಲು ಎಲ್ಲರೂ ಆರೋಗ್ಯ ಕೇಂದ್ರಕ್ಕೆ ಹೋದೆವು. ಲಿಂಬಿಕಾನಿಯ ಬೆರಳು ಚುಚ್ಚಿ ನೋಡಿದರು — ಮಲೇರಿಯಾ ಅಲ್ಲ. ಅಂಗಿ ಎತ್ತಿದರೆ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿದೆ. ನ್ಯುಮೋನಿಯಾ.

"ಜ್ವರ ನೋಡೋಕೆ ಒಂದೇ ಥರ. ಒಳಗಿನ ರೋಗ ಬೇರೆ, ಮದ್ದೂ ಬೇರೆ" ಅಂದರು ನರ್ಸ್. ಅವನಿಗೆ ಐದು ದಿನದ ಬೇರೆ ಮಾತ್ರೆ. ನಮಗೆ ಕಡಿಮೆ ಬಿದ್ದ ಒಂದು, ಜೊತೆಗೆ ಸಾಕಷ್ಟು ಬೈಗುಳ. ಅಜ್ಜಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

ದಾರಿಯಲ್ಲಿ ಲಿಂಬಿಕಾನಿಯ ಅಮ್ಮ ನನ್ನ ಕೈ ಹಿಡಿದಳು. "ಅಕ್ಕಾ, ಅಜ್ಜಿ ಬಂದು ವಾಪಸ್ ಕೇಳದೇ ಇದ್ದಿದ್ರೆ ನಿಮ್ಮ ಮಾತ್ರೇನೇ ನುಂಗಿಸ್ತಾ ಕೂತಿರ್ತಿದ್ದೆ."



ಮೇ 25, ಸಂಜೆ

ಲಿಂಬಿಕಾನಿ ಅಂಗಳದಲ್ಲಿ ಓಡುತ್ತಿದ್ದಾನೆ. ಬೇಲಿಯಾಚೆ ಅವನಮ್ಮ — "ಹುಷಾರಾದ. ಉಳಿದ ಮಾತ್ರೆ ಎತ್ತಿಡ್ತೀನಿ, ಯಾವತ್ತಾದ್ರೂ ಬೇಕಾಗುತ್ತೆ."

ನಾನು ಏಳುವಷ್ಟರಲ್ಲಿ ಅಜ್ಜಿಯ ದನಿ: "ಎತ್ತಿಡ್ತಾಳಂತೆ. ಚೀಲದ ತಳ ನೋಡಿದ್ಯೇನೇ? ತಾ ಇಲ್ಲಿ ಆ ಮಾತ್ರೆನ, ಪೂರ್ತಿ ನಾನೇ ನುಂಗಿಸ್ತೀನಿ."

ನಗು ಬಂತು. ತಡಾಲ ನನ್ನ ತೊಡೆಗೆ ಒರಗಿದ್ದಾಳೆ. ಈಗ ನೆನಪಾಗುತ್ತಿದೆ, ಬೆಳಿಗ್ಗೆಯಿಂದ ಇವಳ ಹಣೆ ಮುಟ್ಟಿಯೇ ಇಲ್ಲ.